ಚಿಪ್ಪಿನೊಳಗೆ ಒಬ್ಬನೇ ಗಂಡು

ಇದು ಉಡುಪಿಯ ಹಿರಿಯಡ್ಕದ ಹತ್ತಿರ, ನಮ್ಮ ಸ್ವರ್ಣಾ ನದಿ. ಬೆಳಿಗ್ಗೆ ಏಳು ಗಂಟೆ, ಮೊಣಕಾಲುದ್ದ ನೀರು, ನನ್ನ ಕೈಯಲ್ಲೊಂದು ಕಪ್ಪೆಚಿಪ್ಪು. ನಾವು ಅಡುಗೆ ಮಾಡುವ ಮರುವಾಯಿ ಚಿಪ್ಪು ಅಲ್ಲ ಮಾರಾಯ್ರೆ, ಸುಕ್ಕ ಕೇಳ್ಬೇಡಿ. ಇದು ಸಿಹಿನೀರಿನದ್ದು.

ದಡದಿಂದ ದೊಡ್ಡಮ್ಮ, "ಅದರಲ್ಲಿ ಎಂತ ಉಂಟು ಅಷ್ಟು ಹೊತ್ತು ನೋಡ್ಲಿಕ್ಕೆ?"

"ನುಸಿ."

"ತೆಂಗಿನದ್ದು ನೀರಿಗೂ ಬಂತಾ!"

ಅದಲ್ಲ. ತೆಂಗಿನ ನುಸಿಗೆ ನಾಲ್ಕೇ ಕಾಲು, ಬೆಳೆದ ಈ ನುಸಿಗೆ ಎಂಟು. ಹೆಸರು ಯೂನಿಯೋನಿಕೋಲ. ಇದರ ಎಷ್ಟೋ ಜಾತಿಗಳಿಗೆ ಕಪ್ಪೆಚಿಪ್ಪಿನ ಒಳಗೇ ಸಂಸಾರ. ಅಮೆರಿಕದ ಯೂನಿಯೋನಿಕೋಲ ಫಾರ್ಮೋಸಾ ಅಂತೂ ಕಿವಿರಿನಲ್ಲೇ ಬಿಡಾರ ಹೂಡ್ತದೆ. ಸಾಮಾನ್ಯವಾಗಿ ಒಂದು ಚಿಪ್ಪಿಗೆ ಒಂದೇ ಗಂಡು, ಹೆಣ್ಣುಗಳು ಹಲವು. ಇನ್ನೊಂದು ಗಂಡು ಒಳಗೆ ಬಂದ್ರೆ ಹೊಯ್‌ಕೈ. 1983ರಲ್ಲಿ ಸಂಶೋಧಕ ರೊನಾಲ್ಡ್ ಡಿಮಾಕ್ ಈ ಕಾಳಗದ ಬಗ್ಗೆ ಬರೆದ್ರು. ಸೋತದ್ದು ಸತ್ತೇ ಹೋಗುವುದೂ ಉಂಟು. ನಮ್ಮ ಕೋಳಿ ಅಂಕವೇ, ಆದ್ರೆ ಕತ್ತಿ ಕಟ್ಟುವವರಿಲ್ಲ, ಬಾಜಿ ಕಟ್ಟುವವರೂ ಇಲ್ಲ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆಯೇ. ಚಿಪ್ಪು ಎಲ್ಲುಂಟು ಅಂತ ನುಸಿಗೆ ಹೇಗೆ ಗೊತ್ತಾಗ್ತದೆ? 1930ರಲ್ಲಿ ವೆಲ್ಶ್ ಎಂಬವರು ಇನ್ನೊಂದು ಜಾತಿಯಲ್ಲಿ ನೋಡಿದ್ರು: ಬರೀ ನೀರಲ್ಲಿ ನುಸಿ ಬೆಳಕಿನ ಕಡೆ ಈಜ್ತದೆ. ಅದೇ ನೀರಿಗೆ ತನ್ನ ಚಿಪ್ಪಿನ ವಾಸನೆ ಬಿದ್ರೆ ತಿರುಗಿ ಕತ್ತಲ ಕಡೆ. ಚಿಪ್ಪಿನೊಳಗೆ ಕತ್ತಲೆಯೇ ತಾನೆ! ಕಣ್ಣಿಗೆ ಕಂಡೂ ಕಾಣದಷ್ಟು ಸಣ್ಣ ಹುಳಕ್ಕೆ ಇಷ್ಟು ಲೆಕ್ಕಾಚಾರ.

ಮರಿಗಳ ಕಥೆ ಇನ್ನೂ ಚೋದ್ಯ. ಸಂಜೆ ಲೈಟಿನ ಸುತ್ತ ಮುತ್ತುವ, ಸೊಳ್ಳೆಯ ಹಾಗೇ ಕಂಡ್ರೂ ಕಚ್ಚದ ಹುಳ ಉಂಟಲ್ಲ? ಅಂಥದ್ದರ ಮೈಗೆ ಅಂಟಿಕೊಂಡು ಮರಿ ನೀರಿಂದ ಹಾರಿ ಹೋಗ್ತದೆ. ಮತ್ತೆ ನೀರಿಗೆ ಬಿದ್ರೆ ಚಿಪ್ಪಿನ ಹುಡುಕಾಟ.

ಇಗೊಳ್ಳಿ, ಇದು ನನ್ನ ಶಾಟ್. ಚಿಪ್ಪು ಒಂದು ಬೆರಳಿನಷ್ಟು ಬಾಯಿ ಬಿಟ್ಟಿತ್ತು. ಮೊಬೈಲಿಗೆ ಮ್ಯಾಕ್ರೋ ಲೆನ್ಸ್ ಸಿಕ್ಕಿಸಿ ಬಗ್ಗಿದೆ. ನೆರಳು ಬಿದ್ದದ್ದೇ, ಟಪ್! ಬಾಗಿಲು ಬಂದ್. ಒಳಗೆ ನುಸಿ ಇತ್ತೋ ಇಲ್ವೋ ದೇವರೇ ಬಲ್ಲ. ಲೆನ್ಸ್ ಮಾತ್ರ ಜಾರಿ ನೀರಿಗೆ ಬಿತ್ತು.

ಚಿಪ್ಪನ್ನು ಇದ್ದಲ್ಲೇ ಮರಳಿಗೆ ಊರಿ ಬಂದೆ. ಲೆನ್ಸ್ ಹುಡುಕಿ ಕೊಟ್ಟದ್ದು ದೊಡ್ಡಮ್ಮ, ಸೀರೆ ಎತ್ತಿ ಕಟ್ಟಿ, ಬೈತಾ ಬೈತಾ. ಆ ಬೈಗುಳ ಮ್ಯೂಟ್ ಮಾಡಿದ್ದೇನೆ.