‘ಇಲ್ಲಿ’ ಎಂದರೆ ಎಲ್ಲಿ?

ಕೇಳುಗರಿಗೆ ನಮಸ್ಕಾರ. ಕೊಡಗಿನ ಕಕ್ಕಡ ತಿಂಗಳ ಮಳೆಗೆ ಬಾಗಿಲು ಮುಚ್ಚಿಕೊಂಡು ರೇಡಿಯೊ ಕೇಳುತ್ತಿರುವ ತಂದೆತಾಯಂದಿರಿಗೆ, ಅದಕ್ಕಿಂತ ಹೆಚ್ಚಾಗಿ ನನ್ನ ಜೊತೆಯ ಅಧ್ಯಾಪಕರಿಗೆ ಈ ಮಾತು.

ಮಳೆ ಬಂದರೆ ರಜೆ, ಬಿಸಿಲು ಬಂದ ಮೇಲೆ ಶನಿವಾರವಿಡೀ ಪಾಠ. ನಮ್ಮ ಜಿಲ್ಲೆಯ ಈ ಹಳೆಯ ಲೆಕ್ಕ ಇನ್ನು ಸಾಕು. ಪಾಠ ಒಂದೇ ಇರಲಿ, ದಾರಿ ಮೂರಿರಲಿ. ತರಗತಿಗೆ ಬಂದು ಕೂರಬಹುದು. ಅದೇ ಹೊತ್ತಿಗೆ ಮನೆಯಿಂದ ಮೊಬೈಲಿನಲ್ಲಿ ಸೇರಬಹುದು. ಎರಡೂ ಆಗದಿದ್ದರೆ ಆಮೇಲೆ ಧ್ವನಿಮುದ್ರಣ ಕೇಳಿ ಅಭ್ಯಾಸ ಬರೆದು ಕಳುಹಿಸಬಹುದು. ಯಾವ ದಿನ ಯಾವ ದಾರಿ ಎಂಬುದು ವಿದ್ಯಾರ್ಥಿಯ ಆಯ್ಕೆ. ಇದನ್ನು ಹೈಫ್ಲೆಕ್ಸ್ ಎನ್ನುತ್ತಾರೆ. ಕೋವಿಡ್ ಬಂದ ಮೇಲೆ ಹುಟ್ಟಿದ್ದಲ್ಲ. ಸ್ಯಾನ್ ಫ್ರಾನ್ಸಿಸ್ಕೊ ಸ್ಟೇಟ್ ವಿಶ್ವವಿದ್ಯಾಲಯದ ಬ್ರಯಾನ್ ಬೀಟಿ ಅದಕ್ಕೆ ಬಹಳ ಮೊದಲೇ ರೂಪಿಸಿದ್ದು. ಅವರ ಷರತ್ತೊಂದಿದೆ: ಮೂರು ದಾರಿಯಲ್ಲೂ ಕಲಿಕೆ ಸರಿಸಮ ಇರಬೇಕು. ಸರಿಸಮ. ಇದೊಂದನ್ನು ಹಿಡಿದುಕೊಳ್ಳಿ.

ನನಗೆ ಇದನ್ನು ಕಲಿಸಿದವಳು ಗಾಳಿಬೀಡಿನ ಆಚೆಯ ಒಬ್ಬ ವಿದ್ಯಾರ್ಥಿನಿ. ಮೂರು ದಿನ ಕರೆಂಟಿಲ್ಲ, ರಸ್ತೆಗೆ ಮರ ಬಿದ್ದಿತ್ತು. ಜೀಪಿನ ಬ್ಯಾಟರಿಯಿಂದ ಮೊಬೈಲ್ ಚಾರ್ಜ್ ಮಾಡಿಕೊಂಡು, ಕಾಫಿ ತೋಟದ ದಿಬ್ಬ ಹತ್ತಿ, ಕೊಡೆಯ ಕೆಳಗೆ ನಿಂತು ನನ್ನ ಭೂಗೋಳದ ಪಾಠ ಇಳಿಸಿಕೊಂಡಿದ್ದಳು. ಕಾವೇರಿಯ ಉಪನದಿಗಳ ಪಾಠ. ವಾರದ ನಂತರ ಅವಳ ನೋಟ್‌ಪುಸ್ತಕ ನೋಡಿದೆ. ‘ಹಾರಂಗಿ ಇಲ್ಲಿ ಸೇರುತ್ತದೆ, ಹೇಮಾವತಿ ಇಲ್ಲಿ, ಲಕ್ಷ್ಮಣತೀರ್ಥ ಇಲ್ಲಿ’ ಎಂದು ನನ್ನ ಮಾತನ್ನೇ ಬರೆದುಕೊಂಡು, ಮೂರು ‘ಇಲ್ಲಿ’ಗಳಿಗೂ ಕೆಂಪು ಗೆರೆ ಎಳೆದಿದ್ದಳು. ಅಂಚಿನಲ್ಲಿ ಪೆನ್ಸಿಲಿನ ಸಾಲು: ‘ಸರ್, ಇಲ್ಲಿ ಎಂದರೆ ಎಲ್ಲಿ?’

ನಾನು ಬೋರ್ಡಿನ ಮೇಲೆ ಸೀಮೆಸುಣ್ಣ ಕುಟ್ಟುತ್ತಿದ್ದೆ. ಅವಳಿಗೆ ಕೇಳಿಸಿದ್ದು ಆ ಟಕಟಕ ಸದ್ದು ಮಾತ್ರ. ಅಷ್ಟು ಕಷ್ಟಪಟ್ಟ ಹುಡುಗಿಗೆ ನಾನು ಅರ್ಧ ಪಾಠ ಕೊಟ್ಟಿದ್ದೆ.

ಅಂದಿನಿಂದ ‘ಕುಶಾಲನಗರ ದಾಟಿ ಕೂಡಿಗೆಯ ಬಳಿ ಹಾರಂಗಿ ಸೇರುತ್ತದೆ’ ಎಂದು ಬಾಯಿಬಿಟ್ಟು ಹೇಳುತ್ತೇನೆ. ಎದುರಿಗೆ ಕುಳಿತವರ ನೋಟ್ಸೂ ಸುಧಾರಿಸಿತು.

ಸಮಯ ಕಡಿಮೆಯಿದೆ. ವಿಡಿಯೊ ಬೇಡ, ಧ್ವನಿ ಸಾಕು. ದುರ್ಬಲ ನೆಟ್‌ವರ್ಕಿನಲ್ಲೂ ಬೇಗ ಇಳಿಯುತ್ತದೆ. ನಕ್ಷೆಯ ಫೋಟೊ ಒಂದನ್ನು ಜೊತೆಗಿಡಿ. ಅಭ್ಯಾಸ ಬರೆದು ಕಳುಹಿಸಿದವರಿಗೆ ಹಾಜರಿ ಕೊಡಿ. ತಂದೆತಾಯಂದಿರೇ, ಮನೆಯ ಒಂದೇ ಮೊಬೈಲು ಸಂಜೆ ಒಂದು ಗಂಟೆ ಮಗಳ ಕೈಯಲ್ಲಿರಲಿ. ಅಧ್ಯಾಪಕ ಮಿತ್ರರೇ, ನಾಳೆಯ ಪಾಠ ಕಳುಹಿಸುವ ಮೊದಲು ಕಣ್ಣು ಮುಚ್ಚಿಕೊಂಡು ಒಮ್ಮೆ ಪೂರ್ತಿ ಕೇಳಿ.

ನಮಸ್ಕಾರ.