ಹಿಮಾಲಯದ ಹೂವು ಮೈಸೂರಿನ ಕಲ್ಲುತೋಟದಲ್ಲಿ ಬರುತ್ತಾ?

[ದೃಶ್ಯ: ಮನೆ ಮುಂದಿನ ಸಣ್ಣ ಜಾಗ, ಜೋಡಿಸಿಟ್ಟ ಕಲ್ಲುಗಳು]

ನಮಸ್ಕಾರ. ಕುವೆಂಪುನಗರದ ವೀಕ್ಷಕರೊಬ್ಬರು ಒಂದು ಒಳ್ಳೆ ಪ್ರಶ್ನೆ ಕಳಿಸಿದ್ದಾರೆ. ಮನೆ ಮುಂದೆ ಕಲ್ಲು ಜೋಡಿಸಿ ರಾಕ್ ಗಾರ್ಡನ್ ಮಾಡಿದ್ದಾರಂತೆ. ಆನ್‌ಲೈನ್‌ನಲ್ಲಿ ಹಿಮಾಲಯದ ಹೂವಿನ ಬೀಜ ಅಂತ ಒಂದು ಪ್ಯಾಕೆಟ್ ಕಂಡಿದೆ. ತರಿಸಲಾ, ಇಲ್ಲಿ ಬರುತ್ತಾ ಅಂತ ಕೇಳಿದ್ದಾರೆ.

ಬರಲ್ಲ. ದುಡ್ಡು ಉಳಿಸಿಕೊಳ್ಳಿ.

ಉತ್ತರ ಇಷ್ಟೇ. ಆದರೆ ಯಾಕೆ ಬರಲ್ಲ ಅನ್ನುವುದು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಇಲ್ಲಿ ಸೆಕೆ ಜಾಸ್ತಿ, ಅದಕ್ಕೇ ಅಂದುಬಿಟ್ಟರೆ ಅರ್ಧ ಉತ್ತರ. ಉಳಿದರ್ಧ ಬಹಳ ಸೊಗಸಾಗಿದೆ.

ಮೊದಲು ಬೇಗ ಬೇಗ ಒಂದೆರಡು ವಿಷಯ. ಹಿಮಾಲಯ ಹತ್ತುತ್ತಾ ಹೋದರೆ ಸುಮಾರು 3,500ರಿಂದ 4,000 ಮೀಟರ್ ಎತ್ತರದಲ್ಲಿ ಮರಗಳು ಮುಗಿದುಹೋಗುತ್ತವೆ. ಅಲ್ಲಿಂದ ಮೇಲೆ ಕಲ್ಲು, ಹುಲ್ಲು, ಗಿಡ್ಡ ಗಿಡಗಳು. ಅವೇ ಆಲ್ಪೈನ್ ಗಿಡಗಳು. ನಮ್ಮ ಚಾಮುಂಡಿ ಬೆಟ್ಟದ ತುದಿ ಇರುವುದು ಸಮುದ್ರಮಟ್ಟದಿಂದ ಸಾವಿರ ಮೀಟರ್ ಚಿಲ್ಲರೆ. ಲೆಕ್ಕ ಹಾಕಿಕೊಳ್ಳಿ.

ಯೂರೋಪಿನವರಿಗೆ ಇಂಥ ಬೆಟ್ಟದ ಗಿಡಗಳನ್ನು ಊರಲ್ಲೇ ಬೆಳೆಸುವ ಆಸೆ ಹುಟ್ಟಿತು. ರಾಕ್ ಗಾರ್ಡನ್ ಬೆಳೆದು ಬಂದಿದ್ದು ಅದರಿಂದ. ಲಂಡನ್ನಿನ ಚೆಲ್ಸಿ ಫಿಸಿಕ್ ಗಾರ್ಡನ್‌ನಲ್ಲಿ 1773ರಲ್ಲಿ ಕಟ್ಟಿದ ಕಲ್ಲುತೋಟ ಇವತ್ತಿಗೂ ಇದೆ. ಅದಕ್ಕೆ ಬಳಸಿದ್ದು ಟವರ್ ಆಫ್ ಲಂಡನ್ ಕೋಟೆಯ ಹಳೇ ಕಲ್ಲು. ಜೊತೆಗೆ ಇಂಗ್ಲೆಂಡಿನ ಸಸ್ಯಶಾಸ್ತ್ರಜ್ಞ ಜೋಸೆಫ್ ಬ್ಯಾಂಕ್ಸ್ ಐಸ್‌ಲ್ಯಾಂಡಿನಿಂದ ಹಡಗಿನಲ್ಲಿ ತಂದಿದ್ದ ಲಾವಾ ಕಲ್ಲು. ರಾಕ್ ಗಾರ್ಡನ್ ಅಂದ ತಕ್ಷಣ ನಮಗೆಲ್ಲ ನೆನಪಾಗುವುದು ಚಂಡೀಗಢದ್ದು, ಅಲ್ವಾ? ನೇಕ್ ಚಂದ್ ಅವರು ಒಡೆದ ಬಳೆ, ಟೈಲ್ಸ್, ಪಿಂಗಾಣಿ ಚೂರಿನಿಂದ ಕಟ್ಟಿದ್ದು. ಅದು ಅದ್ಭುತವಾದ ಕಲೆ. ಇವತ್ತಿನ ವಿಷಯ ಬೇರೆ.

[ದೃಶ್ಯ: ಹಿಮಾಲಯದ ಇಳಿಜಾರು, ದೂರದಲ್ಲಿ ಒಂಟಿ ಹಳದಿ ಗೋಪುರದಂಥ ಗಿಡ]

ಈಗ ನನಗೆ ತುಂಬಾ ಇಷ್ಟವಾದ ಗಿಡಕ್ಕೆ ಬರೋಣ. ಹೆಸರು ರಿಯಂ ನೋಬಿಲೆ. ಸಿಕ್ಕಿಂ, ನೇಪಾಳ, ಭೂತಾನ್ ಕಡೆ 4,000 ಮೀಟರಿಗಿಂತ ಮೇಲೆ ಬೆಳೆಯುತ್ತದೆ. ಸುತ್ತ ಇರುವ ಗಿಡಗಳೆಲ್ಲ ಗಾಳಿಗೆ ಹೆದರಿ ನೆಲಕ್ಕೆ ಅಂಟಿಕೊಂಡಿರುತ್ತವೆ. ಇದೊಂದು ಮಾತ್ರ ಆಳೆತ್ತರಕ್ಕೆ ನಿಂತಿರುತ್ತದೆ. ಬೋಳು ಇಳಿಜಾರಿನಲ್ಲಿ ಎಷ್ಟೋ ದೂರದಿಂದ ಕಣ್ಣಿಗೆ ಬೀಳುತ್ತದೆ.

ಹತ್ತಿರ ಹೋಗಿ ನೋಡಿ. ಹೊರಗೆ ಕಾಣುವುದು ಹೂವಲ್ಲ, ಎಲೆ. ತೆಳು ಹಳದಿ ಬಣ್ಣದ ಎಲೆಗಳು ಮೇಲಿಂದ ಕೆಳಕ್ಕೆ ಬಾಗಿ, ಒಂದರ ಮೇಲೊಂದು ಹೆಂಚು ಹೊದಿಸಿದ ಹಾಗೆ ಕೂತಿರುತ್ತವೆ. ಮಳೆ ನೀರು ಹಾಗೇ ಜಾರಿ ಹೋಗುತ್ತದೆ. ಆ ಎಲೆಗಳಲ್ಲಿ ಹಸಿರು ಇಲ್ಲವೇ ಇಲ್ಲ ಅನ್ನಬಹುದು. ಬೆಳಕು ಅವುಗಳ ಮೂಲಕ ಒಳಗೆ ತೂರುತ್ತದೆ. ಒಂದು ಎಲೆ ಎತ್ತಿ ನೋಡಿದರೆ ಒಳಗೆ ಸಣ್ಣ ಸಣ್ಣ ಹಸಿರು ಹೂಗಳ ಗೊಂಚಲು, ಬೆಚ್ಚಗೆ.

ಬೆಚ್ಚಗೆ ಅಂತ ಸುಮ್ನೆ ಹೇಳಿದ್ದಲ್ಲ. ಬಿಸಿಲಿದ್ದ ದಿನ ಹೊರಗಿನ ಗಾಳಿಗಿಂತ ಒಳಗೆ ಹಲವು ಡಿಗ್ರಿ ಹೆಚ್ಚು ಬಿಸಿ ಇರುತ್ತದೆ. ಕಾಣುವ ಬೆಳಕನ್ನು ಆ ಎಲೆ ಒಳಗೆ ಬಿಡುತ್ತದೆ, ಸುಡುವ ಅಲ್ಟ್ರಾವಯಲೆಟ್ ಕಿರಣವನ್ನು ತಡೆಯುತ್ತದೆ. ಲಾಲ್‌ಬಾಗಿನ ಗಾಜಿನ ಮನೆ ನೋಡಿದ್ದೀರಲ್ಲ, ಇಂಥದ್ದೊಂದನ್ನು ಈ ಗಿಡ ತಾನೇ ಕಟ್ಟಿಕೊಳ್ಳುತ್ತದೆ. ಸಸ್ಯಶಾಸ್ತ್ರದವರು ಇದನ್ನು ಕರೆಯುವುದೂ ಗಾಜಿನಮನೆ ಗಿಡ ಅಂತಲೇ. ಸಂಶೋಧಕರು ಆ ಎಲೆಗಳನ್ನು ಕಿತ್ತು ನೋಡಿದ್ದಾರೆ. ಬೀಜ ಕಡಿಮೆಯಾಯಿತು.

ಒಳಗೆ ಬಾಡಿಗೆದಾರರೂ ಇದ್ದಾರೆ. ಒಂದು ಜಾತಿಯ ಪುಟ್ಟ ನೊಣ ಬೆಚ್ಚಗಿರುವ ಈ ಮನೆಗೆ ಬಂದು ಹೂವಿನಿಂದ ಹೂವಿಗೆ ಪರಾಗ ದಾಟಿಸುತ್ತದೆ. ಅಲ್ಲೇ ಮೊಟ್ಟೆಯನ್ನೂ ಇಡುತ್ತದೆ. ಮರಿಹುಳುಗಳು ಒಂದಷ್ಟು ಬೀಜ ತಿನ್ನುತ್ತವೆ, ಉಳಿದದ್ದು ಗಿಡಕ್ಕೆ. ಗಿಡ ವರ್ಷಗಟ್ಟಲೆ ಬರೀ ಎಲೆಗುಚ್ಛವಾಗಿ ನೆಲದಲ್ಲಿ ಕೂತಿದ್ದು, ಒಂದೇ ಒಂದು ಸಲ ಹೀಗೆ ಎದ್ದು ನಿಂತು, ಹೂ ಬಿಟ್ಟು, ಬೀಜ ಕಟ್ಟಿ ಸಾಯುತ್ತದೆ. ಅಷ್ಟು ವರ್ಷ ಕೂಡಿಟ್ಟಿದ್ದನ್ನೆಲ್ಲ ಆ ಒಂದು ಬೇಸಿಗೆಗೆ ಸುರಿಯುತ್ತದೆ. ನನಗಂತೂ ಇದನ್ನು ಎಷ್ಟು ಸಲ ಓದಿದರೂ ಸಾಕಾಗಲ್ಲ.

[ದೃಶ್ಯ: ಉಣ್ಣೆ ಹೊದ್ದ ಗಿಡ, ದಿಂಬಿನಾಕಾರದ ಗಿಡ]

ಬೇರೆ ಆಲ್ಪೈನ್ ಗಿಡಗಳದ್ದೂ ಇದೇ ಹಾದಿ. ಕೆಲವು ಮೈತುಂಬ ಬಿಳಿ ಉಣ್ಣೆ ಬೆಳೆಸಿಕೊಳ್ಳುತ್ತವೆ. ಕೆಲವು ಎಲೆಗಳನ್ನು ಒತ್ತೊತ್ತಾಗಿ ಜೋಡಿಸಿ ನೆಲಕ್ಕೆ ಗುಂಡಗೆ ಅಂಟಿಕೊಂಡು, ಒಳಗಿನ ಬಿಸಿ ಹೊರಗೆ ಹೋಗದಂತೆ ನೋಡಿಕೊಳ್ಳುತ್ತವೆ. ಸಿಕ್ಕಿದ ಬಿಸಿಯನ್ನು ಬಿಡದೆ ಹಿಡಿದುಕೊಳ್ಳುವುದೇ ಅವುಗಳ ಬದುಕು.

ಈಗ ಅಂಥ ಗಿಡವನ್ನು ಮೈಸೂರಿಗೆ ತನ್ನಿ. ಏಪ್ರಿಲ್ ಮಧ್ಯಾಹ್ನ 34, 35 ಡಿಗ್ರಿ. ಬಿಸಿ ಹಿಡಿದುಕೊಳ್ಳಲೆಂದೇ ಆದ ಮೈ ಇಲ್ಲೂ ಅದೇ ಕೆಲಸ ಮಾಡುತ್ತದೆ. ಬೆಂದುಹೋಗುತ್ತದೆ.

ನೆರಳಲ್ಲಿ ಇಟ್ಟರೆ? ಹಗಲನ್ನು ಹೇಗೋ ದಾಟಿಸಬಹುದು. ದೊಡ್ಡ ತೊಂದರೆ ಇರುವುದು ರಾತ್ರಿಯಲ್ಲಿ. ಗಿಡ ಹಗಲು ಬಿಸಿಲಲ್ಲಿ ಸಕ್ಕರೆ ಮಾಡಿಕೊಳ್ಳುತ್ತದೆ, ಅದನ್ನು ಹಗಲೂ ರಾತ್ರಿ ಖರ್ಚು ಮಾಡುತ್ತಿರುತ್ತದೆ. ರಾತ್ರಿ ಬೆಚ್ಚಗಿದ್ದಷ್ಟೂ ಆ ಖರ್ಚು ಜಾಸ್ತಿ. ಹಿಮಾಲಯದ ಮೇಲೆ ಬೇಸಿಗೆಯಲ್ಲೂ ರಾತ್ರಿ ಕೊರೆಯುವ ಚಳಿ, ಹಾಗಾಗಿ ಗಳಿಸಿದ್ದು ಉಳಿಯುತ್ತದೆ. ನಮ್ಮಲ್ಲಿ ಡಿಸೆಂಬರ್ ರಾತ್ರಿಯೂ ಸಾಮಾನ್ಯವಾಗಿ 15, 16 ಡಿಗ್ರಿ. ಏಪ್ರಿಲ್‌ನಲ್ಲಿ 20 ದಾಟುತ್ತದೆ. ಗಿಡ ಮಾಡಿದ್ದೆಲ್ಲ ರಾತ್ರಿಗೇ ಸರಿಹೋಗುತ್ತದೆ.

ಮೂರನೆಯದು ನೀರು. ಗಿಡದ ಬುಡ, ಅಂದರೆ ಕಾಂಡ ಮಣ್ಣಿಗೆ ಸೇರುವ ಜಾಗ, ಒದ್ದೆಯಾಗಿಯೇ ಇದ್ದರೆ ಕೊಳೆಯುತ್ತದೆ. ಇಂಗ್ಲೆಂಡಿನಲ್ಲಿ ಚಳಿಗೇನೂ ಬರವಿಲ್ಲ. ಆದರೂ ಅಲ್ಲಿನ ತೋಟದವರು ಚಳಿಗಾಲದಲ್ಲಿ ಎಷ್ಟೋ ಆಲ್ಪೈನ್ ಗಿಡಗಳ ಮೇಲೆ ಗಾಜು ಮುಚ್ಚುತ್ತಾರೆ. ಚಳಿ ತಡೆಯಲು ಅಂದುಕೊಂಡಿರಾ? ಅಲ್ಲ, ಮಳೆ ತಡೆಯಲು. ಬೆಟ್ಟದ ಮೇಲಾದರೆ ಅವು ಹಿಮದ ಅಡಿಯಲ್ಲಿ ತಿಂಗಳುಗಟ್ಟಲೆ ಒಣಗಿ ಮಲಗಿರುತ್ತವೆ. ಲಂಡನ್ನಿನ ಕ್ಯೂ ಉದ್ಯಾನದಲ್ಲಿ 2006ರಲ್ಲಿ ಈ ಗಿಡಗಳಿಗಾಗಿಯೇ ಒಂದು ಗಾಜಿನ ಮನೆ ಕಟ್ಟಿದರು. ನೆಲದಡಿ ತಿರುವು ಮುರುವು ಹಾದಿ ಮಾಡಿ, ಅಲ್ಲಿ ತಂಪಾದ ಗಾಳಿಯನ್ನು ಗಿಡಗಳ ಮೇಲೆ ಬಿಡುತ್ತಾರೆ. ಬಿಸಿ ಗಾಳಿ ಮೇಲಿಂದ ಹೊರಗೆ ಹೋಗುತ್ತದೆ. ಲಂಡನ್ನಿನಲ್ಲೇ ಇಷ್ಟು ಕಷ್ಟ.

ಹಾಗಾದರೆ ಕುವೆಂಪುನಗರದ ಕಲ್ಲುತೋಟ ವ್ಯರ್ಥವಾ? ಖಂಡಿತ ಅಲ್ಲ.

[ದೃಶ್ಯ: ಚಾಮುಂಡಿ ಬೆಟ್ಟದ ಬಂಡೆ, ಸಂದಿಯಲ್ಲಿ ಗಿಡ]

ಚಾಮುಂಡಿ ಬೆಟ್ಟ, ಪಾಂಡವಪುರದ ಕುಂತಿಬೆಟ್ಟ, ಮೇಲುಕೋಟೆ. ಎಲ್ಲಿ ನೋಡಿದರೂ ಬಂಡೆ. ಬೇಸಿಗೆಯಲ್ಲಿ ಬರಿಗಾಲಿಡಲು ಆಗಲ್ಲ, ಮಳೆಗಾಲದಲ್ಲಿ ಮೇಲೆಲ್ಲ ನೀರು. ಇಂಥ ಬಂಡೆಗಳ ಮೇಲೂ ಗಿಡಗಳಿವೆ. ಸೆಲಾಜಿನೆಲ್ಲಾ ಗೊತ್ತಲ್ಲ, ಸಂಜೀವಿನಿ ಅಂತ ರಸ್ತೆ ಬದಿಯಲ್ಲಿ ಒಣಗಿದ ಉಂಡೆ ಮಾರುತ್ತಾರೆ. ಬೇಸಿಗೆಯಲ್ಲಿ ಕಂದು ಬಣ್ಣಕ್ಕೆ ಮುದುರಿ ಸತ್ತ ಹಾಗೆ ಇರುತ್ತದೆ. ಮಳೆ ಬಿದ್ದರೆ ಬಿಚ್ಚಿಕೊಂಡು ಹಸಿರಾಗುತ್ತದೆ. ಕಾಡು ಈರುಳ್ಳಿ ಬೇಸಿಗೆಯಲ್ಲಿ ಒಂದೇ ಒಂದು ಎಲೆಯೂ ಇಲ್ಲದೆ ನೆಲದಿಂದ ಬರೀ ಹೂದಂಡು ಎಬ್ಬಿಸುತ್ತದೆ. ಮಂಗರವಳ್ಳಿ ಕಾಂಡದಲ್ಲೇ ನೀರು ಕೂಡಿಡುತ್ತದೆ. ಹಿಮಾಲಯದ ಗಿಡ ಚಳಿಗೆ ಮಾಡಿಕೊಂಡ ಉಪಾಯಗಳಿಗೆ ಇವು ಏನೂ ಕಡಿಮೆಯಿಲ್ಲ ಅಂತ ನನ್ನ ಗಟ್ಟಿ ಅಭಿಪ್ರಾಯ. ನಮ್ಮ ಕಲ್ಲುತೋಟಕ್ಕೆ ಇವೇ ಸರಿ. ಆದರೆ ದಯವಿಟ್ಟು ಬೆಟ್ಟದಿಂದ ಕೀಳಬೇಡಿ. ಚಾಮುಂಡಿ ಬೆಟ್ಟ ಮೀಸಲು ಅರಣ್ಯ. ಮಂಗರವಳ್ಳಿಯ ಒಂದು ತುಂಡು ಪರಿಚಯದವರ ಮನೆಯಿಂದ ತಂದು ನೆಟ್ಟರೂ ಹಿಡಿಯುತ್ತದೆ. ಜೊತೆಗೆ ನರ್ಸರಿಯಲ್ಲಿ ಸಿಗುವ ಲೋಳೆಸರ, ಟೇಬಲ್ ರೋಸ್, ಅಡೀನಿಯಂ ಹಾಕಿ.

ಸಮಯ ಆಗುತ್ತಿದೆ, ಕಟ್ಟುವ ವಿಧಾನ ಚುಟುಕಾಗಿ ಹೇಳುತ್ತೇನೆ. ಜಾಗ ಇಳಿಜಾರಾಗಿರಲಿ. ಅಡಿಯಲ್ಲಿ ದಪ್ಪ ಜಲ್ಲಿ, ಮೇಲೆ ಕೆಮ್ಮಣ್ಣು, ಮರಳು, ಸಣ್ಣ ಜಲ್ಲಿ ಬೆರೆಸಿದ ಮಣ್ಣು. ಕಲ್ಲನ್ನು ಮೇಲೆ ಇಟ್ಟುಬಿಡಬೇಡಿ, ಮೂರನೇ ಒಂದು ಭಾಗ ಹೂತು ಸ್ವಲ್ಪ ಹಿಂದಕ್ಕೆ ವಾಲಿಸಿ. ಆಗ ನೀರು ಬೇರಿನ ಕಡೆ ಇಳಿಯುತ್ತದೆ, ಕಲ್ಲಿನಡಿಯ ಮಣ್ಣೂ ತಂಪಾಗಿರುತ್ತದೆ. ಗಿಡದ ಬುಡದ ಸುತ್ತ ಒಂದು ಬೊಗಸೆ ಸಣ್ಣ ಜಲ್ಲಿ ಹರಡಿ, ಬುಡ ಒಣಗಿರಲಿ. ಈ ಕೆಲಸ ಮೇ ತಿಂಗಳಲ್ಲೇ ಮುಗಿಸಿ. ಒಂದೆರಡು ಜೋರು ಮಳೆ ಬಿದ್ದು ಮಣ್ಣು ಕೂತಮೇಲೆ, ಅಲುಗಾಡುವ ಕಲ್ಲುಗಳನ್ನು ಇನ್ನೊಮ್ಮೆ ಭದ್ರ ಮಾಡಿ. ಗಿಡ ನೆಡುವುದು ಅದಾದ ಮೇಲೆ.