ಡಿಫಾಗರ್ ಸತ್ತಿರಲಿಲ್ಲ, ನಾನೇ ಕೆರೆದು ಹಾಕಿದ್ದೆ

ಮುಂಜಾನೆ ಆರೂವರೆ. ಬೀದರ್‌ನ ಜನವರಿ. ಕ್ಯಾಮೆರಾ ಅಲ್ಲಾಡ್ತಿದೆ ಅಂತ ಬೈಯಬೇಡಿ, ನಡುಗ್ತಿರೋದು ನನ್ನ ಕೈ.

ಇದು ನಮ್ಮ ಸೆಕೆಂಡ್ ಹ್ಯಾಂಡ್ ಹ್ಯಾಚ್‌ಬ್ಯಾಕ್. ಅಕ್ಕನನ್ನು ಹುಮನಾಬಾದ್‌ಗೆ ಬಿಟ್ಟು ಬರಬೇಕು. ಕಾರಿನೊಳಗೆ ನಾಲ್ಕು ಜನ, ಹತ್ತೇ ನಿಮಿಷ ಆಗಿದೆ. ಹಿಂದಿನ ಗಾಜು ನೋಡಿ, ಒಳಗಿಂದ ಹಾಲು ಬಳಿದ ಹಾಗಿದೆ. ನಮ್ಮ ಉಸಿರಿನ ತೇವವೆಲ್ಲ ತಣ್ಣನೆ ಗಾಜಿಗೆ ಹೋಗಿ ಕೂತಿದೆ. ಮುಂದಿನ ಗಾಜಾದರೆ ಎಸಿ ಗಾಳಿ ಬಿಟ್ಟರೆ ಮುಗೀತು. ಹಿಂದೆ ಗಾಳಿ ಬರೋ ದಾರಿಯೇ ಇಲ್ಲ. ಅದಕ್ಕೇ ಆ ಗಾಜಿನ ಮೇಲೆ ಅಡ್ಡಡ್ಡ ಹೀಟರ್ ಗೆರೆಗಳಿರುತ್ತವೆ. ನಾವು ಡಿಫಾಗರ್ ಅನ್ನೋದು ಅದನ್ನೇ.

ಬಟನ್ ಒತ್ತಿದೆ. ಕಿತ್ತಳೆ ದೀಪ ಹತ್ತಿತು. ಗಾಜು ಮಾತ್ರ ಜಪ್ಪಯ್ಯ ಅನ್ನಲಿಲ್ಲ.

ಹಿಂದಿನ ಸೀಟಿನಿಂದ ಅಮ್ಮ, "ಗಾಡಿಗೂ ಥಂಡಿ ಹತ್ತೇದೇನೋ?" ಅಂದರು.

ಸಂಜೆ ಒಂದು ಗ್ಯಾರೇಜಿನಲ್ಲಿ ತೋರಿಸಿದೆ. ಅವರು ಬೆರಳಲ್ಲಿ ಗಾಜು ಮುಟ್ಟಿ ನೋಡಿ, "ಪೂರಾ ಗಾಜೇ ಬದ್ಲಿ ಮಾಡ್ಬೇಕ್ರಿ" ಅಂದರು. ಮೀಟರ್ ಹಚ್ಚಲಿಲ್ಲ, ಫ್ಯೂಸ್ ಕೂಡ ನೋಡಲಿಲ್ಲ. ನನಗೆ ಸಿಟ್ಟು ಬಂತು. ಸಿಟ್ಟಲ್ಲೇ ಮನೆಗೆ ಬಂದು ವೋಲ್ಟ್ ಅಳೆಯೋ ಮಲ್ಟಿಮೀಟರ್ ಹುಡುಕಿದೆ.

ಮೊದಲು ಫ್ಯೂಸ್. ನನ್ನ ಕಾರಿನಲ್ಲಿ 25 ಆಂಪ್‌ನದ್ದು, ಚೆನ್ನಾಗಿತ್ತು. ಬಟನ್ ಒತ್ತಿದಾಗ ರಿಲೇ, ಅಂದರೆ ಕರೆಂಟ್ ಹಾಯಿಸೋ ಒಳಗಿನ ಸ್ವಿಚ್, ಟಕ್ ಅಂತು. ಅದೂ ಸರಿ ಇರಬಹುದು. ಇನ್ನು ಗಾಜಿನ ಹತ್ತಿರವೇ ಹೋಗಬೇಕು. ಗಾಜಿನ ಎರಡೂ ಅಂಚಿನಲ್ಲಿ ಅಗಲವಾದ ಪಟ್ಟಿ ಇದೆಯಲ್ಲ, ಎಡಗಡೆ ಪಟ್ಟಿಗೆ ಕರೆಂಟ್ ಬರುತ್ತದೆ, ಬಲಗಡೆ ಪಟ್ಟಿಯಿಂದ ಕಾರಿನ ಲೋಹದ ಮೈಗೆ, ಅಂದರೆ ಅರ್ಥ್‌ಗೆ ಹೋಗುತ್ತದೆ. ನನ್ನ ಕಾರಿನಲ್ಲಿ ಹೀಗೆ. ನಿಮ್ಮದರಲ್ಲಿ ಉಲ್ಟಾ ಇರಬಹುದು.

ಇಂಜಿನ್ ಓಡ್ತಿದೆ, ಡಿಫಾಗರ್ ಆನ್. ಮೀಟರಿನ ಕಪ್ಪು ವೈರ್ ಕಾರಿನ ಲೋಹದ ಮೈಗೆ, ಕೆಂಪು ಎಡಪಟ್ಟಿಗೆ. 13.6 ವೋಲ್ಟ್. ಸರಿ. ಈಗ ಕೆಂಪನ್ನು ಬಲಪಟ್ಟಿಗೆ ಇಟ್ಟೆ. ಅಲ್ಲಿ ಸೊನ್ನೆ ಹತ್ತಿರ ಬರಬೇಕು. ಬಂದದ್ದು 13.6!

ಇಲ್ಲಿ ಸ್ವಲ್ಪ ನಿಲ್ಲೋಣ, ಇದು ಮಜಾ ಇದೆ. ಕೆಳಗಿನ ನಲ್ಲಿ ಮುಚ್ಚಿದ ಪೈಪ್ ನೆನೆಸಿಕೊಳ್ಳಿ. ಪೈಪ್ ತುಂಬಾ ನೀರಿದೆ, ಒತ್ತಡ ಎಲ್ಲಾ ಕಡೆ ಒಂದೇ, ಆದರೆ ಹನಿಯೂ ಹರಿಯಲ್ಲ. ಇಲ್ಲೂ ಅಷ್ಟೇ. ಕರೆಂಟ್ ಗಾಜಿನ ಆ ತುದಿಯವರೆಗೂ ಬಂದಿದೆ, ಹೊರಗೆ ಹೋಗೋಕೆ ದಾರಿ ಇಲ್ಲ. ಒಳಗಿನ ಪ್ಲಾಸ್ಟಿಕ್ ಟ್ರಿಮ್ ಬಿಚ್ಚಿದೆ. ಕ್ಯಾಮೆರಾ ಹತ್ತಿರ ತರ್ತೀನಿ, ನೋಡಿ. ಅರ್ಥ್ ವೈರಿನ ಬೋಲ್ಟ್ ಸುತ್ತ ಬೆಲ್ಲದ ಬಣ್ಣದ ತುಕ್ಕು. ಮಳೆಗಾಲದ ನೀರು ಯಾವುದೋ ಸಂದಿಯಿಂದ ಇಳಿದಿದೆ. ಬಿಚ್ಚಿ, ಮರಳು ಕಾಗದದಲ್ಲಿ ಉಜ್ಜಿ, ಬಿಗಿಮಾಡಿದೆ. ಬಲಪಟ್ಟಿ ಈಗ 0.1. ಗಾಜು ಬಿಸಿಯಾಯಿತು! ಖರ್ಚು ಒಂದು ಚೂರು ಮರಳು ಕಾಗದ.

ಅಲ್ಲಿಗೇ ಮುಗಿದಿದ್ದರೆ ಈ ವಿಡಿಯೋದಲ್ಲಿ ನಾನೇ ಹೀರೋ.

ಗಾಜಿನ ಮೇಲೆ ಹಾ ಅಂತ ಉಸಿರು ಬಿಟ್ಟು ನೋಡಿದೆ. ಹನ್ನೊಂದು ಗೆರೆಯಲ್ಲಿ ಎಂಟರ ಸುತ್ತ ಮಂಜು ಕರಗಿತು. ಕೆಳಗಿನ ಮೂರರಲ್ಲಿ ಈ ತುದಿಯಿಂದ ಆ ತುದಿವರೆಗೂ ಏನೂ ಆಗಲಿಲ್ಲ. ಗೆರೆಗಳೆಲ್ಲ ಬೇರೆ ಬೇರೆ ದಾರಿ ಇದ್ದ ಹಾಗೆ. ಒಂದು ಕಡಿದರೆ ಅದೊಂದೇ ತಣ್ಣಗಾಗುತ್ತದೆ, ಉಳಿದವು ಕೆಲಸ ಮಾಡ್ತಾನೇ ಇರುತ್ತವೆ.

ಎಲ್ಲಿ ಕಡಿದಿದೆ ಅಂತ ಹುಡುಕೋಕೆ ಮತ್ತೆ ಮೀಟರ್. ಅದರ ಚೂಪು ತುದಿಯಿಂದ ಗೆರೆ ಕೆರೆಯಬಾರದು, ಅದಕ್ಕೆ ತುದಿಗೆ ಅಲ್ಯೂಮಿನಿಯಂ ಫಾಯಿಲ್ ಸುತ್ತಿದೆ. ರೊಟ್ಟಿ ಕಟ್ಟಿಕೊಡೋ ಅದೇ ಫಾಯಿಲ್. ಒಳ್ಳೆಯ ಗೆರೆಯಲ್ಲಿ ಎಡದಿಂದ ಬಲಕ್ಕೆ ಸರಿಸಿದರೆ 13, 10, ಮಧ್ಯಕ್ಕೆ ಬಂದಾಗ 7ರ ಸುಮಾರು, ಹೀಗೆ ಮೆಲ್ಲಗೆ ಇಳಿಯುತ್ತದೆ. ಕಡಿದ ಗೆರೆಯಲ್ಲಿ 13.6, 13.6, 13.6, ಒಂದೇ ಬೆರಳು ಸರಿಸಿದೆ, ಸೊನ್ನೆ. ಟಾರ್ಚ್ ಹಿಡಿದರೆ ಅಲ್ಲೇ ಕೂದಲಿನಂಥ ಗೀರು. ಮೂರೂ ಗೆರೆಯಲ್ಲಿ ಒಂದರ ಕೆಳಗೊಂದು, ಓರೆಯಾಗಿ, ಒಂದೇ ಏಟಿನ ಹಾಗೆ.

ಏಟು ನನ್ನದೇ. ಈ ಕಾರು ಕೊಂಡಾಗ ಹಿಂದಿನ ಗಾಜಿಗೆ ಗುಳ್ಳೆ ಎದ್ದ ಕಪ್ಪು ಫಿಲ್ಮ್ ಇತ್ತು. ಕಪ್ಪು ಫಿಲ್ಮ್ ಬೇಡ ಅಂತ ಸುಪ್ರೀಂ ಕೋರ್ಟ್ 2012ರಲ್ಲೇ ಹೇಳಿದೆ. ದಂಡ ಯಾಕೆ ಅಂತ ಒಂದು ಭಾನುವಾರ ಕೂತು ಬ್ಲೇಡ್‌ನಲ್ಲಿ ಕೆರೆದಿದ್ದೆ. ಬಿಸಿ ಹಬೆ ಕೊಟ್ಟು ಮೆಲ್ಲಗೆ ಸುಲಿದಿದ್ದರೆ ಏನೂ ಆಗ್ತಿರಲಿಲ್ಲ.

ನಮ್ಮ ಊರಲ್ಲಿ ಬಿದ್ರಿ ಕೆಲಸ ನೋಡಿಕೊಂಡೇ ಬೆಳೆದವನು ನಾನು. ಸತು, ತಾಮ್ರ ಬೆರೆಸಿದ ಲೋಹದಲ್ಲಿ ಉಳಿಯಿಂದ ಗೆರೆ ಕೊರೆದು, ಬೆಳ್ಳಿ ತಂತಿ ಬಡಿದು ಕೂರಿಸುತ್ತಾರೆ. ಆಮೇಲೆ ಕೋಟೆಯ ಮಣ್ಣು, ನವಸಾಗರ ಹಾಕಿ ಕಪ್ಪು ಮಾಡುತ್ತಾರೆ. ಕಪ್ಪಿನ ಮೇಲೆ ಬೆಳ್ಳಿ ಹೊಳೆಯುತ್ತದೆ. ಡಿಫಾಗರ್ ಗೆರೆಯಲ್ಲೂ ಇರೋದು ಬೆಳ್ಳಿಯೇ. ಆದರೆ ಅಲ್ಲಿ ಬೆಳ್ಳಿ ಲೋಹದೊಳಗೆ ಇಳಿದಿದೆ. ಇಲ್ಲಿ ಗಾಜಿನ ಮೇಲೆ ಅಚ್ಚು ಹಾಕಿ ಸುಟ್ಟ ತೆಳು ಪದರ, ಅಷ್ಟೇ. ಬ್ಲೇಡ್ ತಾಗಿದರೆ ಮುಗೀತು.

ಬೆಳ್ಳಿ ಪುಡಿ ಇರೋ, ಕರೆಂಟ್ ಹರಿಸೋ ಕಂಡಕ್ಟಿವ್ ಪೇಂಟ್ ಆನ್‌ಲೈನ್ ತರಿಸಿದೆ. ಉಗುರುಬಣ್ಣದ ಬಾಟಲಿಯಷ್ಟೇ ಇದೆ, 700 ರೂಪಾಯಿ ಚಿಲ್ಲರೆ. ಡಿಫಾಗರ್ ಆಫ್ ಮಾಡಿ, ಗಾಜು ತಣ್ಣಗಾದ ಮೇಲೆ ಸ್ಪಿರಿಟ್‌ನಲ್ಲಿ ಒರೆಸಿದೆ. ಗೆರೆಯ ಮೇಲೊಂದು, ಕೆಳಗೊಂದು ಟೇಪ್. ನಡುವೆ ಗೆರೆಯಷ್ಟೇ ಸಂದಿ. ಬಾಟಲಿ ಚೆನ್ನಾಗಿ ಅಲ್ಲಾಡಿಸಿ, ಕಡಿದ ಜಾಗದ ಎರಡೂ ಕಡೆ ಸ್ವಲ್ಪ ಮೇಲೇರುವ ಹಾಗೆ ತೆಳುವಾಗಿ ಮೂರು ಕೋಟ್. ಟೇಪನ್ನು ಪೇಂಟ್ ಪೂರ್ತಿ ಒಣಗೋ ಮುಂಚೆಯೇ ಕಿತ್ತರೆ ಒಳ್ಳೆಯದು. ಮೂರನೇ ಗೆರೆಗೆ ಬರುವಷ್ಟರಲ್ಲಿ ಚಹಾ ಕರೆ ಬಂತು. ಕುಡಿದು ಬಂದು ಟೇಪ್ ಎಳೆದೆ, ಪೇಂಟೂ ಜೊತೆಗೇ ಎದ್ದು ಬಂತು. ಆ ಹೊತ್ತಿಗೆ ಬಾಟಲಿಯಲ್ಲಿ ಉಳಿದದ್ದೂ ಗಟ್ಟಿಯಾಗಿತ್ತು.

24 ಗಂಟೆ ಬಟನ್ ಮುಟ್ಟಲಿಲ್ಲ. ಈಗ ಆ ಗಾಜನ್ನು ಮೆತ್ತನೆ ಬಟ್ಟೆಯಲ್ಲಿ, ಗೆರೆಯ ಉದ್ದಕ್ಕೇ ಒರೆಸ್ತೀನಿ.

ಇದು ಇವತ್ತಿನ ಮುಂಜಾನೆ. ಅದೇ ಹುಮನಾಬಾದ್ ರಸ್ತೆ, ಅದೇ ಥಂಡಿ, ಅಮ್ಮ ಹಿಂದೆ ಶಾಲು ಹೊದ್ದು ಕೂತಿದ್ದಾರೆ. ಕನ್ನಡಿಯಲ್ಲಿ ನೋಡಿ, ಗಾಜು ಮೇಲಿಂದ ಒಂದೊಂದೇ ಪಟ್ಟಿ ತೆರೆದುಕೊಳ್ತಿದೆ. ಹಿಂದೆ ಬರ್ತಿರೋ ಲಾರಿ ಈಗ ಕಾಣಿಸ್ತಿದೆ. ಕೆಳಗಡೆ ಮಾತ್ರ ಒಂದು ಬಿಳಿ ಪಟ್ಟಿ ಹಾಗೇ ಉಳಿದಿದೆ.

"ಅದೊಂದು ಯಾಕೆ ಬಿಟ್ಟಿ?" ಅಂತ ಅಮ್ಮ ಕೇಳ್ತಿದ್ದಾರೆ. ಚಹಾಕ್ಕೆ ಕರೆದವರು ಅವರೇ.